ತೊಡೆಯ ಪಾಲು

ಈ ಪತ್ರಿಕೆಯ ವಾಚಕರಲ್ಲಿ ಮಾಂಸಾಹಾರವನ್ನು ಒಪ್ಪದವರು ಅನೇಕರಿದ್ದಾರೆಂಬುದನ್ನು ನಾನು ಬಲ್ಲೆ. ಅಡಿಗೆಯ ವಿಷಯವಾಗಿ ನಾಲ್ಕು ಮಾತು ಬರೆಯಹೊರಟವನು ಹೋಳಿಗೆಯನ್ನೋ ಹುಳಿಯನ್ನವನ್ನೋ ಹಿಡಿದನಾದರೆ ಯಾರ ಮನಸ್ಸಿಗೂ ಕಸಿವಿಸಿಯಾಗದು. ಆದರೆ ನಾನು ಹೇಳಬೇಕೆಂದಿರುವುದು ಕುರಿಯ ತೊಡೆಯ ಮಾತು. ಅದನ್ನು ಬಿಡಿಸಿ, ಬಡಿದು, ಒಳಗೆ ಮಸಾಲೆ ತುಂಬಿ, ಚಾಪೆ ಸುತ್ತುವಂತೆ ಸುತ್ತಿ, ನಾರಿನಿಂದ ಬಿಗಿದು ಬೇಯಿಸಿದ ಒಂದು ರಾತ್ರಿಯೂಟದ ಮಾತು. ಸಸ್ಯಾಹಾರಿಗಳಾದ ಮಹನೀಯರಿಗೆ ನನ್ನ ವಿಜ್ಞಾಪನೆಯೇನೆಂದರೆ, ಈ ಲೇಖನದಲ್ಲಿ ಮಾಂಸಕ್ಕಿಂತ ಪಾಲಿನ ಪ್ರಸ್ತಾಪವೇ ಹೆಚ್ಚಾಗಿರುವುದರಿಂದ, ಮಾಂಸವೆಂದಿರುವ ಕಡೆಯಲ್ಲೆಲ್ಲ ಅವರು ಕುಂಬಳಕಾಯಿಯೆಂದು ಓದಿಕೊಂಡರೂ ಅರ್ಥಕ್ಕೆ ಬಹಳ ಕುಂದು ಬಾರದು.

ನಮ್ಮದು ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ. ಗುರುಗುಂಡಬ್ರಹ್ಮೇಶ್ವರಸ್ವಾಮಿಯವರ ಮಠದಿಂದಾಗಿ ದೂರದವರಿಗೂ ಊರಿನ ಹೆಸರು ಪರಿಚಿತವಾಗಿದೆ. ಮಿಕ್ಕಂತೆ ಇದು ಮಧುಗಿರಿ, ಪಾವಗಡ, ಶಿರಾ ಸೀಮೆಗಳ ಯಾವ ಊರಿನಂತೆಯೂ ಮಳೆಯ ಮುಖ ನೋಡಿ ಬದುಕುವ ಊರು. ರಾಗಿ, ಕಡಲೆಕಾಯಿ, ಬದುವಿನ ಮೇಲೆ ಹುಣಸೆಮರ, ಬೀಳಿನಲ್ಲಿ ಕುರಿ: ಇಷ್ಟನ್ನು ಹೇಳಿದರೆ ನಮ್ಮ ಸಂಪತ್ತಿನ ಪಟ್ಟಿ ಹೆಚ್ಚುಕಡಮೆ ಮುಗಿಯಿತು. ಮಳವಳ್ಳಿಯ ಕಡೆಯ ಬಂಡೂರು ಕುರಿಯ ಮಾಂಸ ಬೆಣ್ಣೆಯಂತಿರುವುದೆಂದು ಆ ಕಡೆಯವರು ಹೆಮ್ಮೆಪಡುತ್ತಾರೆ; ಅವರ ಹೆಮ್ಮೆ ಸಕಾರಣವಾದುದೇ. ನಮ್ಮ ಕುರಿಯಾದರೋ ಒಂದು ಹಿಡಿ ಹುಲ್ಲಿಗಾಗಿ ಬೆಳಗಿನಿಂದ ಸಂಜೆಯವರೆಗೆ ಗುಡ್ಡ ಸುತ್ತಬೇಕಾದ ಪ್ರಾಣಿ. ಅದರ ತೊಡೆಯಲ್ಲಿ ಕೊಬ್ಬು ಕಡಮೆ, ನಾರು ಹೆಚ್ಚು. ಆದುದರಿಂದಲೇ ನಮ್ಮಲ್ಲಿ ಮಾಂಸವನ್ನು ಚಿಕ್ಕದಾಗಿ ಕಡಿದು, ಖಾರ ರುಬ್ಬಿ ಹಾಕಿ, ಬಹಳ ಹೊತ್ತು ಕುದಿಸಿ, ತೆಳ್ಳನೆಯ ಸಾರು ಮಾಡಿ, ಮುದ್ದೆಯೊಡನೆ ಉಣ್ಣುವುದು ರೂಢಿಯಾಯಿತು.

ಚಿಕ್ಕದಾಗಿ ಕಡಿಯುವುದಕ್ಕೆ ಇನ್ನೊಂದು ಕಾರಣವುಂಟು; ನನ್ನ ಮಟ್ಟಿಗೆ ಅದೇ ಮುಖ್ಯವಾದುದು. ಅದು ಗುಡ್ಡೆಯ ಪದ್ಧತಿ.

ಯುಗಾದಿಯ ಮರುದಿನಕ್ಕೆ ನಮ್ಮ ಸೀಮೆಗಳಲ್ಲಿ ವರ್ಷತೊಡಕು ಅಥವಾ ಹೊಸತೊಡಕು ಎಂದು ಹೆಸರು. ಯುಗಾದಿಯ ದಿನ ಬೇವುಬೆಲ್ಲ, ಹೋಳಿಗೆ. ಮರುದಿನ, ಮಾಂಸ ತಿನ್ನುವ ಮನೆಗಳಲ್ಲಿ, ಬಾಡು. ಒಂದು ಮನೆಯವರೇ ಒಂದು ಕುರಿಯನ್ನು ಕಡಿಯುವಷ್ಟು ಅನುಕೂಲ ಎಲ್ಲರಿಗೂ ಇರುವುದಿಲ್ಲ. ಇದ್ದರೂ ಒಂದು ಮನೆಗೆ ಒಂದು ಕುರಿ ಹೆಚ್ಚಾಯಿತು. ಹೀಗಾಗಿ ಎಂಟೋ ಹತ್ತೋ ಮನೆಗಳು ಸೇರಿ ಒಂದು ಟಗರನ್ನು ಗೊತ್ತುಮಾಡಿ, ಹಣ ಕೂಡಿಸಿ, ಬೆಳಗಿನ ಜಾವಕ್ಕೆ ಕೆಲಸ ಆರಂಭಿಸುವರು. ಹುಣಸೆಯ ಕೊರಡಿನ ಮೇಲೆ ಮಾಂಸವನ್ನೆಲ್ಲ ಒಂದೇ ಗಾತ್ರದ ತುಂಡುಗಳಾಗಿ ಕಡಿಯುವುದು. ನೆಲದ ಮೇಲೆ ಹೊಂಗೆಯ ಸೊಪ್ಪು ಹಾಸಿ, ಎಷ್ಟು ಮನೆಗಳೋ ಅಷ್ಟು ಗುಡ್ಡೆ. ಮೊದಲು ತೊಡೆಯ ಮಾಂಸವನ್ನು ಎಲ್ಲ ಗುಡ್ಡೆಗೂ ಇಷ್ಟಿಷ್ಟು, ಆಮೇಲೆ ಮುಂಗಾಲಿನದು, ಪಕ್ಕೆ, ಕತ್ತು, ಮೂಳೆ. ಕೊನೆಗೆ ಈಲಿ, ಗುಂಡಿಗೆ, ಬೋಟಿ, ಕೊಬ್ಬು. ಒಂದು ಗುಂಡಿಗೆಯನ್ನು ಎಂಟು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಬರುವುದು ಅಡಿಕೆಯಷ್ಟು ಚೂರು. ಆದರೂ ಅದನ್ನು ಎಂಟು ಪಾಲು ಮಾಡಿಯೇ ತೀರುವರು. ತಕ್ಕಡಿ ಹಿಡಿಯುವುದಿಲ್ಲ. ತಕ್ಕಡಿ ತಂದರೆ, ಕಡಿದವನ ಕೈಯನ್ನು ನಂಬಲಿಲ್ಲವೆಂದು ಅರ್ಥ. ಎಲ್ಲ ಮುಗಿದ ಮೇಲೆ ಒಬ್ಬ ಹುಡುಗನನ್ನು ಗುಡ್ಡೆಗಳಿಗೆ ಬೆನ್ನು ತಿರುಗಿಸಿ ನಿಲ್ಲಿಸಿ, ಒಂದು ಗುಡ್ಡೆಯನ್ನು ಮುಟ್ಟಿ, ‘ಇದು ಯಾರಿಗೋ?’ ಎಂದು ಕೇಳುವರು. ಹುಡುಗನು ಯಾರ ಹೆಸರು ಹೇಳಿದನೋ ಅದು ಅವರದು.

ಯೂರೋಪಿನ ಮಾಂಸದಂಗಡಿಗಳಲ್ಲಿ ಪ್ರಾಣಿಯ ದೇಹಕ್ಕೆ ಭೂಪಟದಂತೆ ಒಂದು ನಕ್ಷೆಯನ್ನು ಬರೆದು ಗೋಡೆಗೆ ತೂಗುಹಾಕಿರುವುದುಂಟು. ಸೊಂಟಕ್ಕೊಂದು ಹೆಸರು, ಬೆನ್ನಿಗೊಂದು ಹೆಸರು, ತೊಡೆಯ ಮೇಲ್ಭಾಗಕ್ಕೊಂದು, ಒಳಭಾಗಕ್ಕೊಂದು. ಒಂದೊಂದಕ್ಕೂ ಒಂದೊಂದು ಬೆಲೆ. ಹಣವಿದ್ದವನು ಬೆನ್ನಿನ ಮೃದುವಾದ ಭಾಗವನ್ನು ಕೊಂಡೊಯ್ಯುವನು, ಇಲ್ಲದವನು ಮೊಣಕಾಲಿನ ಮೂಳೆಯನ್ನು. ನಮ್ಮ ಗುಡ್ಡೆಯ ಮುಂದೆ ಕುರಿಗೆ ಭೂಗೋಳವೇ ಇಲ್ಲ. ಜಮೀನ್ದಾರನ ಮನೆಗೂ ಕೂಲಿಯವನ ಮನೆಗೂ ಹೋಗುವುದು ಇಡೀ ಕುರಿಯ ಒಂದೊಂದು ಚಿಕ್ಕ ಪ್ರತಿಬಿಂಬ. ರುಚಿಯ ದೃಷ್ಟಿಯಿಂದ ಇದು ಹಿಂದುಳಿದ ಪದ್ಧತಿಯೆಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ: ಈಲಿ ಬೇಯುವ ಹೊತ್ತಿಗೂ ಕತ್ತು ಬೇಯುವ ಹೊತ್ತಿಗೂ ಇರುವ ಅಂತರ ಎಲ್ಲ ಗೃಹಿಣಿಯರಿಗೂ ಗೊತ್ತು. ಆದರೆ ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಮುಂದುವರಿದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇಂಥ ಊರಿಗೆ, 2024ರ ಯುಗಾದಿಗೆಂದು, ಜರ್ಮನಿಯಲ್ಲಿ ಎರಡು ವರ್ಷ ಕೆಲಸದಲ್ಲಿದ್ದ ನನ್ನ ಮಗಳು ಬಂದಳು. ತೊಡೆಯನ್ನು ಕಡಿಯದೆ ಇಡಿಯಾಗಿ ಬೇಕೆಂದಳು.

ಆಕೆ ಅಲ್ಲಿ ಕಲಿತು ಬಂದಿದ್ದ ಅಡಿಗೆಯ ಹೆಸರು ರೌಲಾಡೆ. ತೆಳ್ಳಗೆ ಕೊಯ್ದು ಬಡಿದ ಮಾಂಸದ ಹಾಳೆಗೆ ಅರೆದ ಸಾಸಿವೆಯನ್ನು ಬಳಿದು, ಈರುಳ್ಳಿಯನ್ನೂ ಹುಳಿಯಲ್ಲಿ ನೆನೆದ ಸೌತೆಯ ತುಂಡನ್ನೂ ಉಪ್ಪು ಹಾಕಿ ಒಣಗಿಸಿದ ಹಂದಿಯ ಮಾಂಸದ ಪಟ್ಟಿಯನ್ನೂ ಇಟ್ಟು, ಸುರುಳಿ ಸುತ್ತಿ, ಮೊದಲು ಹುರಿದು ಆಮೇಲೆ ಸಣ್ಣ ಉರಿಯಲ್ಲಿ ಬೇಯಿಸುವುದು. ಜೊತೆಗೆ ಆಲೂಗಡ್ಡೆಯ ಉಂಡೆ. ಆ ಉಂಡೆಯನ್ನು ಗೊಜ್ಜಿನಲ್ಲಿ ಹೊರಳಿಸಿಕೊಂಡು ತಿನ್ನುವರೆಂದು ಆಕೆ ಹೇಳಿದಾಗ, ನಮ್ಮ ಮುದ್ದೆಗೆ ಅಷ್ಟು ದೂರದಲ್ಲಿಯೂ ಒಬ್ಬ ನೆಂಟನಿದ್ದಾನೆಂದು ನನಗೆ ಸಂತೋಷವಾಯಿತು. ಆ ದೇಶದಲ್ಲಿ ಇದನ್ನು ಸಾಮಾನ್ಯವಾಗಿ ದನದ ಮಾಂಸದಿಂದ ಮಾಡುವರು. ನಮ್ಮ ಮನೆಯಲ್ಲಿ ಅದಾಗಲಿ ಹಂದಿಯಾಗಲಿ ಬಳಕೆಯಲ್ಲಿಲ್ಲ. ಕುರಿಯೇ ಆಗಬೇಕು, ಕುರಿಯಲ್ಲಿ ಹಾಳೆಯಾಗುವಷ್ಟು ಅಗಲವಾದ ಮಾಂಸವಿರುವುದು ಹಿಂದೊಡೆಯಲ್ಲಿ ಮಾತ್ರ.

ಈ ಸುರುಳಿಯ ಅಡಿಗೆ ಒಂದು ದೇಶದ್ದೇನೂ ಅಲ್ಲ. ಇಟಲಿಯವರು, ಇಂಗ್ಲಿಷರು, ಫ್ರೆಂಚರು ಎಲ್ಲರೂ ಇದನ್ನು ಮಾಡುತ್ತಾರೆ. ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಇದಕ್ಕೆ ‘ತಲೆಯಿಲ್ಲದ ಬಾನಾಡಿ’ ಎಂದು ಅರ್ಥ ಬರುವ ಹೆಸರಿದೆ; ಬೆಲ್ಜಿಯಂನಲ್ಲಿ ‘ತಲೆಯಿಲ್ಲದ ಹಕ್ಕಿ’. ಸುತ್ತಿ ಕಟ್ಟಿ ಪಾತ್ರೆಯಲ್ಲಿ ಸಾಲಾಗಿಟ್ಟ ಸುರುಳಿಗಳು ಕುತ್ತಿಗೆ ಮುರಿದ ಸಣ್ಣ ಹಕ್ಕಿಗಳಂತೆ ಕಾಣುವುದರಿಂದ ಈ ಹೆಸರು. ಹಕ್ಕಿ ಸಿಕ್ಕದವನು ದನದ ತೊಡೆಯನ್ನೇ ಹಕ್ಕಿಯೆಂದು ಭಾವಿಸಿಕೊಂಡು ತಿಂದನೆಂದು ತೋರುತ್ತದೆ. ಬಡವನ ಕಲ್ಪನಾಶಕ್ತಿ ಎಲ್ಲ ದೇಶದಲ್ಲಿಯೂ ಒಂದೇ. ದಕ್ಷಿಣ ಅಮೆರಿಕದ ಅರ್ಜೆಂಟೀನದಲ್ಲಿ ಇಂತಹುದೇ ಒಂದಕ್ಕೆ ‘ಮತಾಂಬ್ರೆ’ ಎನ್ನುವರಂತೆ. ಹಸಿವನ್ನು ಕೊಲ್ಲುವುದು ಎಂದು ಅದರ ಅರ್ಥ. ಹಕ್ಕಿಯ ಹೆಸರಿಗಿಂತ ಇದು ಹೆಚ್ಚು ಪ್ರಾಮಾಣಿಕವಾದ ಹೆಸರು.

ಮಾಂಸದೊಳಗೆ ಮಸಾಲೆಯನ್ನು ತುಂಬುವ ವಿದ್ಯೆಯನ್ನು ನಾವು ಜರ್ಮನಿಯಿಂದಲೇ ತರಿಸಬೇಕಾಗಿತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಒಂದು ಪ್ರಕರಣವೇ ಇದೆ. ಅದರಲ್ಲಿ ‘ಭಡಿತ್ರಕ’ವೆಂಬುದು ಮಾಂಸದ ತುಂಡುಗಳಿಗೆ ತೂತುಮಾಡಿ ಮಸಾಲೆ ತುಂಬಿ ಕೆಂಡದ ಮೇಲೆ ಸುಡತಕ್ಕದ್ದು, ‘ಮಂಡಲೀಯ’ವೆಂಬುದು ಕರುಳಿನೊಳಗೆ ಮಜ್ಜೆಯನ್ನೂ ಮಸಾಲೆಯನ್ನೂ ತುಂಬಿ ಸುಡತಕ್ಕದ್ದು. ಒಬ್ಬ ಚಕ್ರವರ್ತಿ ಯುದ್ಧ, ಆನೆ, ಸಂಗೀತಗಳ ವಿಷಯ ಬರೆದಷ್ಟೇ ಶ್ರದ್ಧೆಯಿಂದ ಕರುಳಿನ ಅಡಿಗೆಯನ್ನೂ ಬರೆದನೆಂಬುದನ್ನು ನೆನೆದರೆ ನನಗೆ ಅವನ ಮೇಲೆ ಗೌರವ ಹೆಚ್ಚುತ್ತದೆ. ಆಮೇಲೆ ಹದಿನಾರನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿಯೇ ಸೂಪಶಾಸ್ತ್ರವನ್ನು ಬರೆದ ಮೂರನೆಯ ಮಂಗರಸನು ಜೈನನಾದುದರಿಂದ ಅವನ ಅಡಿಗೆಮನೆಯಲ್ಲಿ ಮಾಂಸಕ್ಕೆ ಪ್ರವೇಶವಿಲ್ಲ.

ಇನ್ನು ನಮ್ಮ ಶಿರಾ. 1687ರಲ್ಲಿ ಮೊಗಲರ ಕೈಸೇರಿ ಒಂದು ಸುಬೆಯ ರಾಜಧಾನಿಯಾಗಿ, 1761ರಲ್ಲಿ ಹೈದರಾಲಿಯ ವಶವಾಗುವವರೆಗೆ ದೊಡ್ಡ ಪಟ್ಟಣವೆನಿಸಿಕೊಂಡಿದ್ದ ಊರು. ಅಲ್ಲಿಯ ನನ್ನ ಮುಸಲ್ಮಾನ ಮಿತ್ರರೊಬ್ಬರ ಮನೆಯ ಮದುವೆಯಲ್ಲಿ ‘ಪಸಂದೆ’ಯೆಂಬುದನ್ನು ತಿಂದಿದ್ದೇನೆ: ತೊಡೆಯ ಮಾಂಸವನ್ನು ಅಂಗೈಯಷ್ಟು ಅಗಲಕ್ಕೆ ಕೊಯ್ದು, ಬಡಿದು, ಮೊಸರು ಮಸಾಲೆಯಲ್ಲಿ ನೆನೆಸಿ ಬೇಯಿಸಿದ್ದು. ಪಸಂದ್ ಎಂದರೆ ಮೆಚ್ಚಿದ್ದು, ಆಯ್ದದ್ದು. ನಮ್ಮ ಹಳ್ಳಿಯವನು ಊಟ ಮಾಡಿ ಕೈ ತೊಳೆಯುತ್ತ ‘ಪಸಂದಾಗಿತ್ತು’ ಎನ್ನುವಾಗ ಈ ಪಾರಸೀ ಮಾತನ್ನೇ ಆಡುತ್ತಿರುತ್ತಾನೆ. ಆದರೆ ಪಸಂದೆಗೂ ಇಡೀ ತೊಡೆ ಬೇಕು. ಮದುವೆಮನೆಯವರಿಗೆ ಅದು ದೊರೆಯುತ್ತದೆ; ಎಂಟನೆಯ ಒಂದು ಪಾಲಿನ ಗುಡ್ಡೆಯವನಿಗೆ ದೊರೆಯುವುದಿಲ್ಲ.

ಇಲ್ಲಿ ನಮ್ಮ ಮನೆಯ ಸಂಗತಿಯೊಂದನ್ನು ಹೇಳದೆ ವಿಧಿಯಿಲ್ಲ. 2023ರಲ್ಲಿ ಅಣ್ಣನೂ ನಾನೂ ಬೇರೆಯಾದೆವು. ನಮ್ಮ ತಂದೆ ಇರುವವರೆಗೂ ಒಂದೇ ಒಲೆ. ಅವರ ತರುವಾಯವೂ ಕೆಲವು ವರ್ಷ ಹಾಗೆಯೇ ನಡೆಯಿತು. ಪಾಲಾಗುವಾಗ ಹೊಲ, ಮನೆ, ಕೊಳವೆಬಾವಿಯ ನೀರಿನ ದಿನಗಳು ಇವೆಲ್ಲ ನಾಲ್ವರು ಹಿರಿಯರ ಎದುರಿನಲ್ಲಿ ಸುಸೂತ್ರವಾಗಿಯೇ ತೀರ್ಮಾನವಾದುವು. ನಡುಬದುವಿನ ಹುಣಸೆಮರವೊಂದು ತೀರ್ಮಾನವಾಗಲಿಲ್ಲ. ಹೊಲವನ್ನು ಹಗ್ಗ ಹಿಡಿದು ಭಾಗ ಮಾಡಬಹುದು, ಪಾತ್ರೆಗಳನ್ನು ಎಣಿಸಿ ಹಂಚಬಹುದು; ತಾತನ ಕಾಲದ ಹುಣಸೆಮರವನ್ನು ಏನು ಮಾಡುವುದು? ಬುಡ ನಮ್ಮ ಕಡೆಗಿದೆ, ಕೊಂಬೆಗಳೆಲ್ಲ ಅಣ್ಣನ ಕಡೆಗೆ ಬಾಗಿವೆ. ಒಂದು ವರ್ಷ ಅವರು, ಒಂದು ವರ್ಷ ನಾವು ಹಣ್ಣು ಬಡಿಸಿಕೊಳ್ಳುವುದೆಂದು ಹಿರಿಯರು ಸೂಚಿಸಿದರು; ಮೊದಲ ವರ್ಷ ಯಾರದೆಂಬಲ್ಲಿಗೆ ಮಾತು ನಿಂತಿತು. ಆ ವರ್ಷ ಮುಂಗಾರು ಬೇರೆ ಕೈಕೊಟ್ಟಿತು. ಬೆಳೆಯಿಲ್ಲದ ವರ್ಷದಲ್ಲಿ ಮರದ ಹಣ್ಣೇ ದೊಡ್ಡ ಆದಾಯವಾಗಿ ಕಂಡು, ಹಗುರವಾಗಿ ಮುಗಿಯಬಹುದಾಗಿದ್ದ ಮಾತು ಭಾರವಾಯಿತು.

ಜಗಳವೇನೂ ಆಗಲಿಲ್ಲ. ಆದರೆ ಅಣ್ಣನು ನನ್ನನ್ನು ಬಹುವಚನದಲ್ಲಿ ಕರೆಯತೊಡಗಿದನು. ‘ಏನೋ’ ಎನ್ನುತ್ತಿದ್ದವನು ‘ಏನ್ರಿ’ ಎಂದನು; ‘ಬಂದ್ಯಾ’ ಎನ್ನುತ್ತಿದ್ದವನು ‘ಬಂದ್ರಾ’ ಎಂದನು. ಬಹುವಚನವು ಗೌರವಸೂಚಕವೆಂದು ವ್ಯಾಕರಣದಲ್ಲಿ ಓದಿದ್ದೇವೆ. ಐವತ್ತು ವರ್ಷ ಏಕವಚನದಲ್ಲಿ ಬೈಸಿಕೊಂಡ ತಮ್ಮನಿಗೆ ಅದು ಏನನ್ನು ಸೂಚಿಸುವುದೆಂದು ವೈಯಾಕರಣರು ಬರೆದಿಲ್ಲ. ಅತ್ತಿಗೆಯವರು ಹಿತ್ತಿಲ ಬಾಗಿಲಿನಿಂದ ಬರುವುದನ್ನು ನಿಲ್ಲಿಸಿ, ಬಂದರೆ ಮುಂಬಾಗಿಲಿನಿಂದ ನೆಂಟರಂತೆ ಬರುತ್ತಿದ್ದರು.

ಆ ವರ್ಷತೊಡಕು ಏಪ್ರಿಲ್ 10, ಬುಧವಾರ. ಎಂಟು ಮನೆಯ ಟಗರು. ನಮ್ಮ ಕೇರಿಯಲ್ಲಿ ಕತ್ತಿ ಹಿಡಿಯುವವನು ಅಣ್ಣನೇ. ಅವನ ಕೈಯ ಗುಡ್ಡೆಗೆ ಇದುವರೆಗೆ ಯಾರೂ ಎದುರು ಹೇಳಿದ್ದಿಲ್ಲ. ಬರದ ವರ್ಷದ ಟಗರಾದುದರಿಂದ ಒಟ್ಟು ಬಾಡು ಹದಿನಾಲ್ಕು ಕಿಲೋಗ್ರಾಮಿನಷ್ಟು ಇದ್ದಿರಬಹುದು. ನಾನು ನನ್ನ ಪಾಲಿನ ಪಾತ್ರೆಯನ್ನು ಹಿಡಿದು ಒಂದು ಕಡೆ ನಿಂತಿದ್ದೆ. ಮಗಳು ನೇರವಾಗಿ ಹೋಗಿ ಕೊರಡಿನ ಮುಂದೆ ಕುಳಿತು, “ದೊಡ್ಡಪ್ಪಾ, ಒಂದು ಹಿಂದೊಡೆ ಕಡೀದೆ ಹಂಗೇ ಇಡ್ತೀಯಾ?” ಎಂದು ಕೇಳಿದಳು.

ಅಣ್ಣನ ಕೈ ನಿಂತಿತು. ಸುತ್ತ ಕುಳಿತಿದ್ದವರ ಮಾತೂ ನಿಂತಿತು. ಅವರಲ್ಲಿ ಹಿರಿಯರೊಬ್ಬರು, “ತೊಡೆ ಒಂದು ಮನೆಗೋದ್ರೆ ಮಿಕ್ಕೋರೆಲ್ಲ ಮೂಳೆ ಕಡೀಬೇಕೇನವ್ವಾ?” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಇನ್ನೊಬ್ಬರು, “ಹೋಗ್ಲಿ ಬಿಡಿ, ಪರದೇಶದಿಂದ ಬಂದೈತೆ ಮಗು. ಒಂದಷ್ಟು ದುಡ್ಡು ಜಾಸ್ತಿ ಹಾಕ್ಲಿ” ಎಂದು ರಾಜಿಯ ಮಾತಾಡಿದರು.

“ಗುಡ್ಡೇಲಿ ಜಾಸ್ತಿ ದುಡ್ಡು ಅನ್ನೋ ಮಾತಿಲ್ಲ” ಎಂದನು ಅಣ್ಣ, ತಲೆಯೆತ್ತದೆ.

ನನಗೆ ಅವನ ಉತ್ತರ ಮೆಚ್ಚಿಕೆಯಾಯಿತು. ಹಣಕ್ಕೆ ತೊಡೆ ದೊರೆಯುವುದಾದರೆ ಅದು ಅಂಗಡಿಯಾಯಿತು. ಮುಂದಿನ ವರ್ಷ ಇನ್ನೊಬ್ಬನು ಈಲಿಗೆ ಬೆಲೆ ಕಟ್ಟುವನು, ಕೊನೆಗೆ ಕೂಲಿಯವನ ಗುಡ್ಡೆಯಲ್ಲಿ ಕಾಲೂ ಕರುಳೂ ಉಳಿಯುವುವು. ಆದರೂ ಮಗಳ ಮುಖ ನೋಡಿ, ಬೇಡವೆಂದು ಹೇಳಿ ಕರೆದುಕೊಂಡು ಹೋಗೋಣವೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅಣ್ಣನು ಕತ್ತಿಯನ್ನು ಕೊರಡಿಗೆ ನೆಟ್ಟು, ಯಾರನ್ನೂ ನೋಡದೆ ಲೆಕ್ಕ ಹೇಳಿದನು: “ಇವರದು ಒಂದು ಗುಡ್ಡೆ, ನಂದೊಂದು ಗುಡ್ಡೆ. ಎರಡೂ ಸೇರಿದ್ರೆ ಮೂರೂವರೆ ಆಯ್ತದೆ. ತೊಡೆ ಎರಡೂಕಾಲು ಬಂದೀತು. ಮಿಕ್ಕಿದ್ದಕ್ಕೆ ಕತ್ತು, ಪಕ್ಕೆ ಹಾಕಿ. ಆ ಇನ್ನೊಂದು ತೊಡೆ ಪೂರ್ತಿ ನಿಮ್ಮ ಆರು ಗುಡ್ಡೆಗೇ. ಈಲಿ, ಗುಂಡಿಗೆ, ಬೋಟಿ, ತಲೆ, ಇದ್ರಲ್ಲಿ ಈ ಎರಡು ಮನೆಗೆ ಏನೂ ಬೇಡ. ಒಪ್ಪಿದ್ರೆ ಹೇಳಿ.”

ಮಿಕ್ಕ ಆರು ಮನೆಯವರೂ ಮನಸ್ಸಿನಲ್ಲಿಯೇ ಕೂಡಿ ಕಳೆದು ನೋಡಿದರು. ಮೃದುವಾದ ಮಾಂಸದಲ್ಲಿ ಅವರಿಗೆ ಕೊಂಚ ಕಡಮೆಯಾಗುತ್ತಿತ್ತು. ಆದರೆ ಈಲಿಯಲ್ಲಿ, ಬೋಟಿಯಲ್ಲಿ, ತಲೆಯಲ್ಲಿ ಹೆಚ್ಚಾಗುತ್ತಿತ್ತು. ಹಿರಿಯರು, “ಸರಿಯಾಗೈತೆ” ಎಂದರು. ಬೆನ್ನು ತಿರುಗಿಸಿ ನಿಂತ ಹುಡುಗನಿಗೆ ಆ ಸಲ ಎಂಟು ಹೆಸರಿನ ಬದಲು ಆರೇ ಹೆಸರು ಹೇಳುವ ಕೆಲಸವಿದ್ದಿತು. ಎರಡು ಗುಡ್ಡೆ ಕೂಡಿದ ಮೇಲೆ ಬೇಯಿಸುವುದು ಯಾರ ಒಲೆಯ ಮೇಲೆ ಎಂಬ ಪ್ರಶ್ನೆಯನ್ನು ಅಣ್ಣನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತೊಡೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು, “ನಿಮ್ಮ ದೊಡ್ಡಮ್ಮನ್ನ ಕರ್ಕೋ. ಒಬ್ಳೇ ಆಗಲ್ಲ ಇದು” ಎಂದನು.

ಅಡಿಗೆಯ ಕ್ರಮವನ್ನು ವಿವರವಾಗಿಯೇ ಹೇಳುತ್ತೇನೆ. ಮಾಡಿ ನೋಡಬೇಕೆನ್ನುವವರಿಗೆ ಉಪಯೋಗವಾಗಲಿ. ಮೊದಲು ತೊಡೆಯ ಒಳಮಗ್ಗುಲಿನಲ್ಲಿ ಎಲುಬಿನ ಉದ್ದಕ್ಕೂ ಚೂರಿಯಿಂದ ಗೀರಿ, ಎಲುಬನ್ನು ಅಲುಗಿಸುತ್ತ ಬಿಡಿಸಿಕೊಳ್ಳಬೇಕು. ಎಲುಬು ಬಂದ ಮೇಲೆ ದಪ್ಪವಿರುವ ಕಡೆಯಲ್ಲಿ ಪುಸ್ತಕವನ್ನು ತೆರೆದಂತೆ ಅಡ್ಡಲಾಗಿ ಸೀಳಿ ತೆರೆದರೆ ಒಂದು ಅಂಕುಡೊಂಕಾದ ಹಾಳೆಯಾಗುತ್ತದೆ. ಬಿಳಿಯ ನರಗಳನ್ನೂ ಪೊರೆಯನ್ನೂ ತೆಗೆದುಬಿಡಬೇಕು. ಇಲ್ಲದಿದ್ದರೆ ಬೇಯುವಾಗ ಅವು ಮುದುರಿಕೊಂಡು ಸುರುಳಿಯನ್ನು ತಿರುಚುತ್ತವೆ. ಇದಾದಮೇಲೆ ಬಡಿಯುವುದು. ಮಗಳು ಇದಕ್ಕೆಂದು ಮರದ ಸುತ್ತಿಗೆಯೊಂದನ್ನು ಹುಡುಕುತ್ತಿದ್ದಳು. ಅತ್ತಿಗೆಯವರು ಒರಳಿನ ಗುಂಡುಕಲ್ಲನ್ನೇ ತಂದು, ಮಾಂಸದ ಮೇಲೆ ಬಾಳೆಯೆಲೆಯೊಂದನ್ನು ಮುಚ್ಚಿ, ನಡುವಿನಿಂದ ಅಂಚಿಗೆ ಜಾರಿಸುತ್ತ ಬಡಿದರು. ಬಹಳ ಜೋರಾಗಿ ಹೊಡೆದರೆ ತೂತಾಗುತ್ತದೆ. ಬಟ್ಟೆ ಒಗೆಯುವ ಹದಕ್ಕಿಂತ ಕಡಮೆ, ತಟ್ಟೆಯ ಮೇಲೆ ರೊಟ್ಟಿ ತಟ್ಟುವ ಹದಕ್ಕಿಂತ ಹೆಚ್ಚು. ಅರ್ಧ ಬೆರಳಿನ ದಪ್ಪಕ್ಕೆ ಬಂದರೆ ಸಾಕು.

ತುಂಬುವ ಮಸಾಲೆಯ ವಿಷಯದಲ್ಲಿ ದೊಡ್ಡಮ್ಮನಿಗೂ ಮಗಳಿಗೂ ಚರ್ಚೆ ನಡೆಯಿತು. ಜರ್ಮನಿಯ ಸೌತೆಯ ಸ್ಥಾನಕ್ಕೆ ಯುಗಾದಿಯ ಪಚ್ಚಡಿಗೆಂದು ತಂದು ಉಳಿದಿದ್ದ ಮಾವಿನಕಾಯಿ ಬಂದಿತು, ಹುಳಿಗೆ ಹುಳಿ. ಸಾಸಿವೆ ಇದ್ದೇ ಇತ್ತು, ಹಸಿಮೆಣಸಿನಕಾಯಿಯೊಡನೆ ಅರೆದುಕೊಂಡದ್ದಾಯಿತು. ಹಂದಿಯ ಕೊಬ್ಬಿನ ಬದಲು ಟಗರಿನದೇ ಕೊಬ್ಬು ಒಂದು ನಿಂಬೆಹಣ್ಣಿನ ಗಾತ್ರ. ತೊಡೆಯಿಂದ ಬಿದ್ದ ಚೂರುಪಾರುಗಳನ್ನೆಲ್ಲ ಸಣ್ಣಗೆ ಕೊಚ್ಚಿ ಕೈಮ ಮಾಡಿ, ಅದಕ್ಕೆ ಹುರಿಗಡಲೆಯ ಪುಡಿ, ಹುರಿದು ಕುಟ್ಟಿದ ಕಡಲೆಕಾಯಿ ಬೀಜ, ಹೆಚ್ಚಿದ ಈರುಳ್ಳಿ, ಮೆಂತ್ಯದ ಸೊಪ್ಪು, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ. ಹುರಿಗಡಲೆ ಹಾಕುವುದು ರುಚಿಗಲ್ಲ. ಮಾಂಸ ಬೇಯುವಾಗ ಬಿಡುವ ರಸವನ್ನು ಅದು ಹೀರಿಕೊಂಡು ಒಳಗೇ ಹಿಡಿದಿಡುತ್ತದೆ. ಇಷ್ಟನ್ನೂ ಹಾಳೆಯ ಮೇಲೆ ಹರಡಿ, ಅಂಚಿನಲ್ಲಿ ಎರಡು ಬೆರಳಿನಷ್ಟು ಬರಿದಾಗಿ ಬಿಟ್ಟು, ಮಾಂಸದ ಎಳೆಗಳು ಸುರುಳಿಯ ಉದ್ದಕ್ಕೂ ಬರುವಂತೆ ಸುತ್ತತಕ್ಕದ್ದು. ಹೀಗೆ ಸುತ್ತಿದರೆ ಬಡಿಸುವಾಗ ಬಿಲ್ಲೆಬಿಲ್ಲೆಯಾಗಿ ಕೊಯ್ದಾಗ ಎಳೆಗಳು ಅಡ್ಡಕ್ಕೆ ತುಂಡಾಗಿ ಹಲ್ಲಿಗೆ ಸುಲಭವಾಗುತ್ತವೆ. ಅಡ್ಡಾದಿಡ್ಡಿಯಾಗಿ ಸುತ್ತಿದರೆ ಎಷ್ಟು ಬೇಯಿಸಿದರೂ ದಾರ ಜಗಿದಂತೆಯೇ.

ಕಟ್ಟುವುದಕ್ಕೆ ನೂಲು ಹುಡುಕಿದರೆ ಮನೆಯಲ್ಲಿದ್ದುದು ಬಣ್ಣ ಹಾಕಿದ ನೂಲು. ಅತ್ತಿಗೆಯವರು ಹೂ ಕಟ್ಟಲು ನೆನೆಹಾಕಿದ್ದ ಬಾಳೆನಾರನ್ನು ತಂದರು; ಹಬ್ಬಕ್ಕೆ ಕನಕಾಂಬರ ಕಟ್ಟಿ ಉಳಿದದ್ದು. ಕನಕಾಂಬರಕ್ಕೆ ಹಾಕುವ ಅದೇ ಗಂಟನ್ನು ಬೆರಳಗಲಕ್ಕೊಂದರಂತೆ ಹಾಕುತ್ತ ಹೋದರು. ಎರಡು ಸುರುಳಿಗಳಾದುವು. ಒಂದನ್ನು ಮಗಳು ಕಟ್ಟಿದಳು, ಒಂದನ್ನು ಅತ್ತಿಗೆ. ನೋಡಿದವರಿಗೆ ಯಾವುದು ಯಾರದೆಂದು ಹೇಳಬೇಕಾಗಿರಲಿಲ್ಲ.

ದಪ್ಪ ತಳದ ಪಾತ್ರೆಯಲ್ಲಿ ಕಡಲೆಕಾಯಿ ಎಣ್ಣೆ ಕಾಯಿಸಿ, ಸುರುಳಿಗಳನ್ನು ಎಲ್ಲ ಮಗ್ಗುಲೂ ಕೆಂಪಗಾಗುವಂತೆ ಹೊರಳಿಸಿ ತೆಗೆದಿಟ್ಟು, ಅದೇ ಎಣ್ಣೆಯಲ್ಲಿ ಈರುಳ್ಳಿ, ಟೊಮೇಟೊ, ರುಬ್ಬಿದ ಖಾರ ಹುರಿದು, ಬಿಡಿಸಿದ ಎಲುಬನ್ನೂ ಕತ್ತು ಪಕ್ಕೆಗಳನ್ನೂ ತಳಕ್ಕೆ ಹಾಕಿ, ಅವುಗಳ ಮೇಲೆ ಸುರುಳಿಗಳನ್ನಿಟ್ಟು, ಅರ್ಧ ಮುಳುಗುವಷ್ಟು ಬಿಸಿನೀರು ಹೊಯ್ದು ಮುಚ್ಚಿದರು. ಹಿತ್ತಿಲಿನಲ್ಲಿ ಮೂರು ಕಲ್ಲಿನ ಒಲೆ, ಜಾಲಿಯ ಸೌದೆ. ಕೊತಕೊತ ಕುದಿಯಬಾರದು, ಆಗಾಗ ಒಂದು ಗುಳ್ಳೆ ಏಳುವಷ್ಟೇ ಉರಿ. ಗುಡ್ಡ ಸುತ್ತಿದ ಪ್ರಾಣಿಯ ತೊಡೆಯಲ್ಲಿರುವ ನಾರು ಜೋರು ಉರಿಗೆ ಹೆದರುವುದಿಲ್ಲ, ಇನ್ನಷ್ಟು ಬಿಗಿದುಕೊಳ್ಳುತ್ತದೆ. ತೇವದಲ್ಲಿ, ಸಣ್ಣ ಶಾಖದಲ್ಲಿ, ಬಹಳ ಹೊತ್ತು ಇಟ್ಟರೆ ಮಾತ್ರ ಅದು ಕರಗಿ ಅಂಟಂಟಾಗಿ ರಸಕ್ಕೆ ಸೇರಿ ಗೊಜ್ಜಿಗೆ ಮಂದತನವನ್ನು ಕೊಡುತ್ತದೆ. ನಮ್ಮ ಟಗರಿಗೆ ಎರಡೂವರೆ ಗಂಟೆ ಹಿಡಿಯಿತು. ನಡುವೆ ಎರಡು ಸಲ ಮಗುಚಿದ್ದು ಬಿಟ್ಟರೆ ಬೇರೆ ಕೆಲಸವಿರಲಿಲ್ಲವಾದುದರಿಂದ, ಒಲೆಯ ಮುಂದೆ ಕುಳಿತು ದೊಡ್ಡಮ್ಮನೂ ಮಗಳೂ ಬಹಳ ಮಾತಾಡಿದರು. ಹಿತ್ತಿಲ ಬಾಗಿಲು ಅಷ್ಟು ಹೊತ್ತೂ ತೆರೆದೇ ಇದ್ದಿತು.

ಇಳಿಸಿದ ತಕ್ಷಣ ಕೊಯ್ಯಬಾರದು. ಕಾಲು ಗಂಟೆ ಹಾಗೆಯೇ ಬಿಟ್ಟರೆ ಒಳಗಿನ ರಸ ನಿಲ್ಲುತ್ತದೆ, ಬಿಲ್ಲೆ ಒಡೆಯುವುದಿಲ್ಲ. ನಾರನ್ನು ಬಿಚ್ಚಿ ಬೆರಳಗಲಕ್ಕೆ ಕೊಯ್ದಾಗ ಒಂದೊಂದು ಬಿಲ್ಲೆಯೂ ಚಕ್ಕುಲಿಯಂತೆ ಸುತ್ತುಸುತ್ತಾಗಿ ಕಂಡಿತು: ಹೊರಗೆ ಕಂದು ಬಣ್ಣದ ಮಾಂಸ, ಒಳಗೆ ಹಸುರು ಹಳದಿಯ ಮಸಾಲೆ, ಮತ್ತೆ ಮಾಂಸ, ಮತ್ತೆ ಮಸಾಲೆ.

ರಾತ್ರಿ ಎಂಟು ಗಂಟೆಗೆ ಎರಡು ಮನೆಯವರೂ ಸೇರಿ ಒಂಬತ್ತು ಮಂದಿ ನಮ್ಮ ನಡುಮನೆಯಲ್ಲಿ ಎಲೆಯ ಮುಂದೆ ಕುಳಿತೆವು. ಮಗಳು ಬಿಲ್ಲೆಗಳನ್ನು ಎಣಿಸಿ ಬಡಿಸುತ್ತ ಬಂದಳು, ತಲೆಗೆ ಎರಡು. ಆಕೆಗೆ ತಿಳಿದೋ ತಿಳಿಯದೆಯೋ ಅದೂ ಗುಡ್ಡೆಯೇ ಆಯಿತು. ಸುರುಳಿಯ ತುದಿಗಳಲ್ಲಿ ಮಸಾಲೆ ಕಡಮೆಯಿರುವುದರಿಂದ ತುದಿಯ ತುಂಡು ಬಂದವರಿಗೆ ಮೂರು. ಬಿಸಿ ಮುದ್ದೆ, ಅದರ ಪಕ್ಕದಲ್ಲಿ ಈ ಪರದೇಶದ ಚಕ್ಕುಲಿ. ಮಕ್ಕಳಿಗೆ ಬಹಳ ಹಿಡಿಸಿತು. ಅತ್ತಿಗೆಯವರು ಒಂದು ಬಿಲ್ಲೆ ತಿಂದು, ಮಾವಿನಕಾಯಿ ಇನ್ನೂ ಸ್ವಲ್ಪ ಇರಬಹುದಿತ್ತೆಂದರು. ನನ್ನ ಅಭಿಪ್ರಾಯ ಕೇಳಿದರೆ, ಕೈಮ ಉಂಡೆಯ ಸಾರಿಗೆ ಇದು ಸಮನೆಂದು ಹೇಳಲಾರೆ. ಆದರೆ ಸಾಸಿವೆಯ ಘಾಟೂ ಮಾವಿನ ಹುಳಿಯೂ ಕೊಬ್ಬಿನೊಡನೆ ಕೂಡಿ ಬಾಯಿಗೆ ಬಂದ ಆ ಮೊದಲ ತುತ್ತು ನೆನಪಿನಲ್ಲಿದೆ.

ಅಣ್ಣನು ಏನನ್ನೂ ಹೇಳದೆ ತಿನ್ನುತ್ತಿದ್ದನು. ನಡುವೆ ಬಾಯಿಂದ ಒಂದು ಎಳೆ ಬಾಳೆನಾರನ್ನು ಎಳೆದು ತೆಗೆದು, ದೀಪಕ್ಕೆ ಹಿಡಿದು ನೋಡಿ, “ಹೂವಿನ ಹಾರಾನೂ ತಿನ್ಸಿದ್ರಲ್ಲವ್ವಾ” ಎಂದು ಎಲೆಯ ಅಂಚಿಗಿಟ್ಟನು. ಎಲ್ಲರೂ ನಕ್ಕೆವು. ಆಮೇಲೆ ಅವನ ಮುದ್ದೆ ಅರ್ಧಕ್ಕೆ ನಿಂತಿತು. ಮುದ್ದೆಗೆ ಬೇಕಾದುದು ತೆಳ್ಳಗೆ ಹರಿಯುವ ಸಾರು. ಇದರ ಗೊಜ್ಜು ಮಂದ, ಅದೂ ಸ್ವಲ್ಪ. ಎಲುಬು ಪಕ್ಕೆಗಳ ತಳದಲ್ಲಿ ಇನ್ನೂ ರಸವಿದ್ದಿತು. ನಾನು ಸೌಟು ಹಿಡಿದು ಹತ್ತಿರ ನಿಂತಿದ್ದೆ. ಅಣ್ಣನು ಎಲೆಯಿಂದ ಕಣ್ಣೆತ್ತದೆ, “ಇಷ್ಟೇ ಬಿಟ್ರೆ ಮುದ್ದೆ ಇಳಿಯೋದೆಂಗೋ? ಹಾಕೋ ಇನ್ನೊಂದು ಸೌಟು” ಎಂದನು.

ಹುಣಸೆಮರದ ಮಾತನ್ನು ಆ ರಾತ್ರಿ ಯಾರೂ ಎತ್ತಲಿಲ್ಲ. ಉಳಿದ ನಾಲ್ಕು ಬಿಲ್ಲೆಗಳನ್ನೂ ಗೊಜ್ಜನ್ನೂ ಒಂದು ಹಿತ್ತಾಳೆಯ ಪಾತ್ರೆಗೆ ಹಾಕಿ, ಬೆಳಗ್ಗೆ ರೊಟ್ಟಿಗೆ ಆಗುತ್ತದೆಂದು ನನ್ನ ಮನೆಯವರು ಅತ್ತಿಗೆಯವರ ಕೈಗೆ ಕೊಟ್ಟರು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆ ನಮ್ಮಲ್ಲಿಲ್ಲ. ನಾಲ್ಕನೆಯ ದಿನ, ಮಗಳು ಬೆಂಗಳೂರಿಗೆ ಹೊರಡುವ ಹೊತ್ತಿಗೆ, ಅತ್ತಿಗೆಯವರು ಅದನ್ನು ಹಿತ್ತಿಲ ಬಾಗಿಲಿನಿಂದ ತಂದು ಕೊಟ್ಟರು. ತುಂಬ ಹೊಸ ಹುಣಸೆಹಣ್ಣಿತ್ತು, ಬೀಜ ಬಿಡಿಸಿ ಉಂಡೆ ಕಟ್ಟಿದ್ದು. ಯಾವ ಮರದ್ದೆಂದು ನಾವು ಕೇಳಲಿಲ್ಲ.